ಒಳಗಿನ ಸುತ್ತಿಗೆ ಸುದ್ದಿ ಮುಟ್ಟಿಸುವುದು

ಶುರು ಮಾಡುವುದನ್ನು ಕಲಿಸುವವರು ಈ ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಿಲ್ಲಿಸುವುದನ್ನು ಕಲಿಸುವವರು ಕಡಿಮೆ. ಯಲಬುರ್ಗಿಯಲ್ಲಿ ನನ್ನ ಸೋದರಮಾವ ನನ್ನನ್ನು ಸೈಕಲ್ ಮೇಲೆ ಕೂರಿಸಿ ಹಿಂದಿನಿಂದ ದೂಡಿದ. ಪೆಡಲ್ ತುಳಿಯುವುದು, ಹ್ಯಾಂಡಲ್ ಹಿಡಿಯುವುದು, ಮುಂದೆ ನೋಡುವುದು ಎಲ್ಲವನ್ನೂ ಹೇಳಿಕೊಟ್ಟ. ಇಳಿಯುವುದು ಹೇಗೆ ಎಂದು ನಾನು ಬಹಳ ದೂರ ಹೋದ ಮೇಲೆ ಕೂಗಿ ಕೇಳಿದೆ. ಅವನೂ ಕೂಗಿ ಏನೋ ಹೇಳಿದ. ಗಾಳಿ ನನಗೆ ಎದುರಾಗಿ ಬೀಸುತ್ತಿತ್ತು. ಜೋಳದ ಕಣಕಿ ತುಂಬಿದ ಬಂಡಿಯೊಂದು ದಾರಿಗೆ ಅಡ್ಡ ಬಂದದ್ದರಿಂದ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಮುಂದೆ ಇಂಜಿನಿಯರಿಂಗ್ ಓದಿದೆ. ಅಲ್ಲಿಯೂ ಮೋಟಾರನ್ನು ಚಾಲೂ ಮಾಡುವ ಪಾಠ ಪರೀಕ್ಷೆಗೆ ತಪ್ಪದೆ ಬರುತ್ತಿತ್ತು. ನಿಲ್ಲಿಸುವ ಪಾಠವನ್ನು ಮೇಷ್ಟ್ರು 'ನೀವೇ ಓದಿಕೊಳ್ಳಿ' ಎಂದು ಬಿಟ್ಟರು. ನಾವೂ ಬಿಟ್ಟೆವು.

ಇಲ್ಲಿ ಹೇಳಹೊರಟಿರುವುದು ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಕೈಯಲ್ಲಿ ನಿಲ್ಲದೆ ಹೋದ ಎರಡು ಸಂಗತಿಗಳ ಬಗ್ಗೆ. ಒಂದು, ಮುನಿರಾಬಾದಿನ ನಮ್ಮ ನೀರಾವರಿ ಆಫೀಸಿನ ಕಂಪ್ಯೂಟರಿನೊಳಗೆ ನಾನೇ ಬಿಡಿಸಿದ್ದ ಸುತ್ತು. ಇನ್ನೊಂದು, ಗಂಗಾವತಿಯ ಮಾವನ ಮನೆಯ ಉಪಚಾರ. ಮೊದಲನೆಯದು ನಿಲ್ಲದಿದ್ದರೆ ನೀರು ಚೆಲ್ಲುತ್ತಿತ್ತು, ಅಷ್ಟೇ. ಎರಡನೆಯದು ನಿಲ್ಲದಿದ್ದರೆ ನನ್ನ ಹೆಂಡತಿ ಸುಮಂಗಲಾ ಮನೆಗೆ ಬರುವಂತಿರಲಿಲ್ಲ. ತಮ್ಮನ ಮದುವೆಗೆಂದು ತವರಿಗೆ ಹೋದವಳು, ಮದುವೆ ಮುಗಿದು ಹಂದರದ ಕಂಬ ಕಿತ್ತು ಆ ತೆಗ್ಗುಗಳಲ್ಲಿ ಹುಲ್ಲು ಹುಟ್ಟಿದರೂ ಅಲ್ಲೇ ಇದ್ದಳು. ಕಾಲನಿಯ ಹೆಂಗಸರು ಮೊದಮೊದಲು 'ಅಕ್ಕಾರು ಯಾವಾಗ ಬರ್ತಾರ್ರಿ?' ಎಂದು ಕೇಳುತ್ತಿದ್ದರು. ಆಮೇಲೆ ಬರೀ 'ಅಕ್ಕಾರು...?' ಎಂದು ಕೇಳಿ ನನ್ನ ಮುಖ ನೋಡತೊಡಗಿದರು. ಕೊನೆಗೆ ಏನೂ ಕೇಳದೆ ಬದನೆಕಾಯಿ ಪಲ್ಯ ತಂದುಕೊಡತೊಡಗಿದರು. ಆ ಪಲ್ಯ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯುತ್ತಿರಲಿಲ್ಲ ಎನ್ನುವುದು ಸುಳ್ಳು, ಇಳಿಯುತ್ತಿತ್ತು. ಇಳಿದ ಮೇಲೆ ಚುಚ್ಚುತ್ತಿತ್ತು.

ಇವೆರಡೂ ಒಂದೇ ಹೊತ್ತಿಗೆ ನಡೆದವು ಎಂದು ನನ್ನ ನೆನಪು ಹೇಳುತ್ತದೆ. ಅದನ್ನು ನೀವು ನಂಬಬೇಕಾಗಿಲ್ಲ, ನಾನೂ ಪೂರ್ತಿ ನಂಬುವುದಿಲ್ಲ. ನೆನಪು ಎಂಬುದು ಬಂದ ಬೀಗರನ್ನೆಲ್ಲ ಸಾಲಾಗಿ ಕೂರಿಸಿ, ಎಲೆ ಹಾಕಿ, ತಾನೇ ಮುಂದೆ ನಿಂತು ಬಡಿಸುವ ಜಾತಿಯದು. ನಿಜವಾಗಿ ಅವರು ಬೇರೆಬೇರೆ ಹೊತ್ತಿಗೆ ಬಂದು, ಬೇರೆಬೇರೆ ಮೂಲೆಯಲ್ಲಿ ಕೂತು ಉಂಡು ಹೋಗಿರುತ್ತಾರೆ. ಆದರೂ ಬೇರೆ ದಾರಿ ಇಲ್ಲದ್ದರಿಂದ ಅದು ಬಡಿಸಿದಂತೆಯೇ ನಿಮಗೂ ಬಡಿಸುತ್ತಿದ್ದೇನೆ.

ನಮ್ಮ ಆಫೀಸಿನ ಹಿಂದಿನ ಶೆಡ್ಡಿನಲ್ಲಿ ಇಟ್ಟಿಗೆ ಸಿಮೆಂಟಿನ, ಆಟಿಕೆಯಂಥ ಒಂದು ಕಾಲುವೆ ಇತ್ತು. ಒಂದು ಕೊನೆಯಿಂದ ಪಂಪು ನೀರು ಎತ್ತಿ ಹಾಕುವುದು, ನಡುವೆ ಮೋಟಾರಿನ ಒಂದು ಪುಟ್ಟ ಗೇಟು, ಅದರಾಚೆ ನೀರಿನ ಮಟ್ಟ ಅಳೆಯುವ ಒಂದು ಸಾಧನ. ಗೇಟು ಎಷ್ಟು ಎತ್ತಿದರೆ ನೀರು ಎಷ್ಟು ಏರುತ್ತದೆ ಎಂದು ನೋಡುವುದು ನಮ್ಮ ಕೆಲಸ. ಇದಕ್ಕೆಂದು ಯಾವುದೋ ಯೋಜನೆಯಲ್ಲಿ ಒಂದು ಪುಟ್ಟ ಬಿಳಿ ಕಂಪ್ಯೂಟರ್ ಬಂತು. ಅದರಲ್ಲಿ ಪ್ರೋಗ್ರಾಮನ್ನು ಬರೆಯುವಂತಿರಲಿಲ್ಲ, ಬಿಡಿಸಬೇಕಿತ್ತು. ಪರದೆಯ ಮೇಲೆ ಚಿಕ್ಕಚಿಕ್ಕ ಡಬ್ಬಿಗಳನ್ನು ಇಟ್ಟು, ಒಂದರಿಂದ ಒಂದಕ್ಕೆ ಗೆರೆ ಎಳೆದರೆ ಅದೇ ವೈರು. ಒಂದಷ್ಟು ಡಬ್ಬಿಗಳ ಸುತ್ತ ಚೌಕಟ್ಟು ಹಾಕಿದರೆ ಅದೇ ಸುತ್ತು. ಚೌಕಟ್ಟಿನ ಒಳಗಿದ್ದದ್ದೆಲ್ಲ ಮತ್ತೆ ಮತ್ತೆ ನಡೆಯುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕುಷ್ಟಗಿಯ ಶರಣಪ್ಪ ಅದನ್ನು ಮೊದಲ ದಿನ ನೋಡಿ, "ಇದೇನ್ರಿ, ರಂಗೋಲಿ! ಇದಕ್ಕ ಇಂಜಿನೇರ ಯಾಕ ಬೇಕಿತ್ತು, ನಮ್ಮವ್ವನ್ನ ಕರಸಿದ್ರ ಆಗ್ತಿತ್ತು" ಎಂದ. ಅವನು ಓದಿದ್ದು ನಾನು ಓದಿದಷ್ಟೇ, ನಾಲಗೆ ಮಾತ್ರ ನನ್ನದಕ್ಕಿಂತ ಎರಡು ಪಟ್ಟು.

ನಾನು ಬಿಡಿಸಿದ್ದು ಎರಡು ಚೌಕಟ್ಟು. ಹೊರಗಿನದು ಗೇಟನ್ನು ಸ್ವಲ್ಪ ಎತ್ತುವುದು. ಅದರ ಹೊಟ್ಟೆಯಲ್ಲಿದ್ದ ಒಳಗಿನದು ನೀರು ಅಲುಗಾಡುವುದು ನಿಲ್ಲುವ ತನಕ ಮಟ್ಟವನ್ನು ನೋಡುತ್ತಾ ಇರುವುದು. ನೀರು ನಿಂತರೆ ಒಳಗಿನ ಸುತ್ತು ಮುಗಿದು ಹೊರಗಿನದು ಮತ್ತೆ ಗೇಟು ಎತ್ತುತ್ತದೆ. ಯಾವಾಗಲಾದರೂ ನಿಲ್ಲಿಸಬೇಕೆಂದರೆ ಪರದೆಯ ಮೇಲೆ ಒಂದು ಬಟನ್. ನೋಡಲು ಬಹಳ ಚಂದವಿತ್ತು. ದೊಡ್ಡ ಸಾಹೇಬರು ನೋಡಲು ಬಂದ ದಿನ ಪಂಪು ನಡುಗಿ ನೀರೂ ನಡುಗುತ್ತಾ ನಿಂತಿತು. ಅದು ಅಲುಗಾಡುವುದನ್ನು ನಿಲ್ಲಿಸಲೇ ಇಲ್ಲ. ಸಾಹೇಬರು "ಆತು, ಬಂದ್ ಮಾಡ್ರಿ" ಎಂದರು. ನಾನು ಬಟನ್ ಒತ್ತಿದೆ. ಏನೂ ಆಗಲಿಲ್ಲ. ಅವರು ತಾವೇ ಒತ್ತಿದರು. ಲಿಫ್ಟಿನ ಗುಂಡಿಯನ್ನು ಅವಸರದ ಮನುಷ್ಯ ಒತ್ತುವಂತೆ ಮತ್ತೆ ಮತ್ತೆ ಒತ್ತಿದರು. ನೀರು ಅಂಚು ದಾಟಿ ಅವರ ಬೂಟಿನ ಕಡೆಗೆ ಹೊರಟಿತು. ಗಾಬರಿಯಲ್ಲಿ ನಾನು ಪ್ರೋಗ್ರಾಮನ್ನೇ ಒಮ್ಮೆಲೇ ಕೊಂದುಹಾಕುವ ಇನ್ನೊಂದು ಬಟನ್ ಒತ್ತಿದೆ. ಚಿತ್ರ ನಿಂತಿತು. ಪಂಪು ನಿಲ್ಲಲಿಲ್ಲ, ಏಕೆಂದರೆ ಅದಕ್ಕೆ 'ನಿಲ್ಲು' ಎಂದು ಹೇಳಬೇಕಾದವನನ್ನೇ ನಾನು ಕೊಂದಿದ್ದೆ. ಶರಣಪ್ಪ ಓಡಿಹೋಗಿ ಗೋಡೆಯ ಮೇನ್ ಸ್ವಿಚ್ ಎಳೆದ. ಗೇಟು ಅರ್ಧದಲ್ಲಿ ಬಾಯಿ ತೆರೆದು ಸಿಕ್ಕಿಕೊಂಡಿತು. ಸಾಹೇಬರು ಒದ್ದೆ ಕಾಲುಚೀಲದಲ್ಲಿ ಜೀಪಿನ ತನಕ ನಡೆದು ಹೋಗುತ್ತಾ, "ಚಾಲೂ ಛಲೋ ಆಗ್ತೈತಿ ನಿಮ್ಮ ಮಷೀನು" ಎಂದರು.

ತಪ್ಪು ಎಲ್ಲಿತ್ತೆಂದರೆ, ಬಟನ್ನನ್ನು ನಾನು ಹೊರಗಿನ ಚೌಕಟ್ಟಿನಲ್ಲಿ ಇಟ್ಟು, ಅಲ್ಲಿಂದ ಒಳಗಿನ ಚೌಕಟ್ಟಿಗೆ ಒಂದು ವೈರು ಎಳೆದಿದ್ದೆ. ನೋಡಿದವರಿಗೆ ಸುದ್ದಿ ಒಳಗೆ ಹೋಗುತ್ತಿದೆ ಅನ್ನಿಸುತ್ತದೆ. ಹೋಗುವುದು ನಿಜ, ಆದರೆ ಒಂದೇ ಸಲ. ಒಳಗಿನ ಸುತ್ತು ಶುರುವಾಗುವ ಗಳಿಗೆಯಲ್ಲಿ 'ನಿಲ್ಲಬೇಕೋ?' ಎಂದು ಕೇಳುತ್ತದೆ, 'ಇಲ್ಲ' ಎಂಬ ಉತ್ತರ ಬರುತ್ತದೆ, ಆ 'ಇಲ್ಲ'ವನ್ನು ಸೆರಗಿಗೆ ಕಟ್ಟಿಕೊಂಡು ಅದು ಒಳಗೆ ಹೋಗಿ ತಿರುಗತೊಡಗುತ್ತದೆ. ಆಮೇಲೆ ಹೊರಗೆ ಯಾರು ಎಷ್ಟು ಒತ್ತಿದರೂ, ಬೂಟು ಒದ್ದೆಯಾದರೂ, ಅದರ ಕೈಯಲ್ಲಿರುವುದು ಹಳೇ ಸುದ್ದಿ. ಹೊರಗಿನ ಸುತ್ತೋ, ಒಳಗಿನದು ಮುಗಿಯಲಿ ಎಂದು ಕೈಕಟ್ಟಿ ಕಾಯುತ್ತಿರುತ್ತದೆ. ಯಾರೂ ಹಟಮಾರಿಗಳಲ್ಲ, ಎಲ್ಲರೂ ಹೇಳಿದಂತೆ ನಡೆಯುವವರೇ. ಅದೇ ತೊಂದರೆ.

ಈಗ ಗಂಗಾವತಿಗೆ ಬರೋಣ. ಭಾನುವಾರ ಬೆಳಿಗ್ಗೆ ನಾನು ಬಸ್ಸು ಇಳಿದು, ಅಕ್ಕಿ ಗಿರಣಿಗಳ ತೌಡಿನ ವಾಸನೆಯಲ್ಲೇ ನಡೆದು ಮಾವನ ಮನೆ ಮುಟ್ಟುತ್ತಿದ್ದೆ. ಮಾವನವರು ಭತ್ತದ ವ್ಯಾಪಾರಿ, ತೂಕದ ಮನುಷ್ಯರು. ಪಡಸಾಲೆಯ ಹೊರಸಿನ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನಾನು ಮೊದಲೇ ಹೇಳಿಬಿಡುತ್ತಿದ್ದೆ: "ಮಾವಾರ, ಇವತ್ತ ಸುಮಾನ್ನ ಕರಕೊಂಡ ಹೋಗ್ಬೇಕಂತ ಬಂದೀನ್ರಿ."

"ಆತಲ್ರಿ ಅಳಿಯಂದ್ರ, ಕರಕೊಂಡ ಹೋಗ್ರಿ. ನಿಮ್ಮ ಹೇಣ್ತಿ, ನಾ ಯಾರು ಬ್ಯಾಡ ಅನ್ನಾಕ? ಮೊದಲ ನಾಷ್ಟಾ ಆಗ್ಲಿ."

ಮಂಡಕ್ಕಿಯ ಸುಸಲಾ, ಮಿರ್ಚಿ ಬರುತ್ತಿತ್ತು. ಸುಸಲದ ಹಿಂದೆ ಚಹಾ. ಚಹಾ ಮುಗಿದ ಮೇಲೆ ಅತ್ತೆಯವರು ಒಳಗಿನ ಬಾಗಿಲ ಮರೆಯಿಂದ, "ಹೋಳಿಗಿಗೆ ಕಡ್ಲಿಬ್ಯಾಳಿ ಇಟ್ಟೀನಿ, ಉಣ್ಲಾರ್ದ ಹ್ಯಾಂಗ ಹೋಗ್ತೀರಿ?" ಎನ್ನುತ್ತಿದ್ದರು. ಹೋಳಿಗೆ ಉಂಡವನಿಗೆ ನಿದ್ದೆ ಬರದೆ ಇರುತ್ತದೆಯೇ? ಎದ್ದರೆ ಮತ್ತೆ ಚಹಾ. ಆಗ ನೆನಪಾಗುತ್ತಿತ್ತು, ಮಗಳನ್ನು ಉಡಿ ತುಂಬದೆ ಕಳಿಸುವಂತಿಲ್ಲ. ಅಕ್ಕಿ ಇದೆ, ಕಾಯಿ ಇದೆ, ಕುಪ್ಪಸದ ಕಣ ತರಬೇಕು. ಕಣ ತಂದರೆ ಎದುರು ಮನೆಯವರು 'ನಾವೂ ಉಡಿ ತುಂಬ್ತೀವಿ' ಎನ್ನುವರು. ಎದುರು ಮನೆಗೆ ಹೋದ ಮೇಲೆ ಪಕ್ಕದ ಮನೆಗೆ ಹೋಗದಿದ್ದರೆ ಬೇಜಾರಾಗುತ್ತದೆ. ಒಂದೊಂದು ಮನೆಯಲ್ಲಿ ಒಂದೊಂದು ಚಹಾ, ಒಂದೊಂದು ಚಹಾಕ್ಕೆ ಒಂದೊಂದು ಹಳೇ ಕತೆ. ಅಷ್ಟರಲ್ಲಿ ಮುನಿರಾಬಾದಿನ ಮೇಲೆ ಹಾಯುವ ಹೊಸಪೇಟೆಯ ಬಸ್ಸು ನಮ್ಮ ಹಂಗಿಲ್ಲದೆ ಹೋಗಿರುತ್ತಿತ್ತು. "ಸಂಜಿ ಆತು, ಹೆಣ್ಮಗಳನ್ನ ಹೊತ್ತು ಮುಣುಗಿದ ಮ್ಯಾಲ ಕಳಸಬಾರದು. ನಾಳೆ ಹೋದ್ರಾತು" ಎನ್ನುತ್ತಿದ್ದರು ಮಾವ. ನಾಳೆ ಎಂದರೆ ಅಮಾವಾಸ್ಯೆಯೋ ಇನ್ನೊಂದೋ. ಅದು ಕಳೆದರೆ ಮಂಗಳವಾರ. ನನಗೆ ಆಫೀಸು. ನಾನೊಬ್ಬನೇ ಕತ್ತಲಲ್ಲಿ ಯಾವುದೋ ಲಾರಿ ಹತ್ತಿ, ಒಂದು ಬುಟ್ಟಿ ಹೋಳಿಗೆ ತೊಡೆಯ ಮೇಲೆ ಇಟ್ಟುಕೊಂಡು ಮುನಿರಾಬಾದಿಗೆ ಮರಳುತ್ತಿದ್ದೆ. ಹೆಂಡತಿಯ ಬದಲು ಹೋಳಿಗೆ ತಂದವನನ್ನು ಕಾಲನಿಯ ಹೆಂಗಸರು ಹೇಗೆ ನೋಡುತ್ತಿದ್ದರೆಂದು ಮತ್ತೆ ಹೇಳಬೇಕಾಗಿಲ್ಲ.

ಹಾಗೆಂದು ಯಾರ ಮೇಲೆ ಸಿಟ್ಟು ಮಾಡಲಿ? ಮಾವ ಬೆಳಿಗ್ಗೆಯೇ ಒಪ್ಪಿದ್ದರು. ಆ ಒಪ್ಪಿಗೆ ಒಳಗಿನ ಅಡಿಗೆಮನೆಯ ತನಕ ಮುಟ್ಟುತ್ತಿರಲಿಲ್ಲ, ಅಷ್ಟೇ. ಅಲ್ಲಿ ಬೇಳೆ ಬೇಯುತ್ತಲೇ ಇರುತ್ತಿತ್ತು. ಪ್ರತಿ ವಾರವೂ ನನ್ನ ಎದೆಯಲ್ಲಿ ಒಂದು ಭಯ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿತ್ತು: ಇವರೆಲ್ಲ ಕಳಿಸಲು ತಡಮಾಡುತ್ತಿದ್ದಾರೋ, ಅಥವಾ ಅವಳಿಗೇ ಬರುವ ಮನಸ್ಸಿಲ್ಲವೋ? ಶರಣಪ್ಪನಿಗೆ ಒಮ್ಮೆ ಹೇಳಿದೆ. ಅವನು ಬೀಡಿ ಹೊತ್ತಿಸಿಕೊಳ್ಳುತ್ತಾ, "ನೀವು ಮಾವನ್ನ ಲಗ್ನ ಆಗೀರೇನು? ಅವನ್ನ ಕೇಳ್ತೀರಲ್ಲ" ಎಂದ. ನಾನು ನಕ್ಕು ಮಾತು ಬದಲಿಸಿದೆ. ಕೆಲವು ಮಾತುಗಳಿಗೆ ನಗುವುದೇ ಅವನ್ನು ಕೇಳಿಸಿಕೊಳ್ಳದಿರುವ ಒಳ್ಳೆಯ ಉಪಾಯ.

ಆಫೀಸಿನ ಸುತ್ತನ್ನು ಮೊದಲು ನಾನು ಬಹಳ ಜಾಣತನದಿಂದ ಕೆಡಿಸಿದೆ. ಒಳಗಿನ ಸುತ್ತಿಗೆ ಒಂದು, ಹೊರಗಿನದಕ್ಕೆ ಒಂದು, ಎರಡು ಬಟನ್ ಇಟ್ಟೆ. ಮತ್ತೆ ಬಂದ ಸಾಹೇಬರಿಗೆ, "ಮೊದಲ ಒಳಗಿಂದು ಒತ್ತಬೇಕ್ರಿ ಸರ್, ಆಮ್ಯಾಲ ಹೊರಗಿಂದು" ಎಂದೆ. ಅವರು ಈ ಸಲ ಚಪ್ಪಲಿ ಹಾಕಿಕೊಂಡು ಬಂದಿದ್ದರು. "ಇದೇನಪಾ, ಮನಿ ಕೀಲಿ ಹಾಕಿದಂಗ ಆತಲ್ಲ. ಒಳಗಿನ ಬಾಗಲಾ ಹಾಕಿ ಹೊರಗಿನ ಬಾಗಲಾ ಹಾಕೋದು! ಗಡಿಬಿಡ್ಯಾಗ ಯಾವದು ಮೊದಲ ಅಂತ ಯಾರಿಗೆ ನೆನಪಿರ್ತೈತಿ?" ಎಂದರು. ನಿಜ. ಆಮೇಲೆ ಒಂದೇ ಬಟನ್ನನ್ನು ಎಲ್ಲಕ್ಕಿಂತ ಒಳಗಿನ ಚೌಕಟ್ಟಿನಲ್ಲಿ ಇಟ್ಟೆವು. ಅಲ್ಲಿ ಪ್ರತಿ ಸುತ್ತಿಗೂ ಕಂಪ್ಯೂಟರ್ ಅದನ್ನು ಹೊಸದಾಗಿ ನೋಡುತ್ತದೆ. ಅಲ್ಲಿಂದ ವೈರು ಹೊರಗೆ ಎಳೆದು ಹೊರಗಿನ ಸುತ್ತಿಗೆ ಕೊಟ್ಟೆವು. ಒಳಗೆ ನಿಂತರೆ ಅದೇ ಸುದ್ದಿ ಹೊರಗೆ ಬಂದು ಹೊರಗಿನದೂ ನಿಲ್ಲುತ್ತದೆ. ಎರಡೂ ನಿಂತ ಮೇಲೆ ಪಂಪು ಬಂದ್, ಗೇಟು ಕೆಳಗೆ. ಇದು ಹೊಳೆದದ್ದು ನನಗೋ ಶರಣಪ್ಪನಿಗೋ? ನನಗೆ ಎಂದು ನನ್ನ ನೆನಪು ಹೇಳುತ್ತದೆ. ಅವನ ನೆನಪು ಏನು ಹೇಳುತ್ತದೆಯೋ ನಾನು ಕೇಳಿಲ್ಲ.

ಸುತ್ತನ್ನು ಸರಿಪಡಿಸಿದ್ದರಿಂದಲೇ ಮಾವನ ಮನೆಯ ಗುಟ್ಟು ನನಗೆ ಹೊಳೆಯಿತು ಎಂದು ಇಲ್ಲಿ ಬರೆದರೆ ಬಹಳ ಚೆನ್ನಾಗಿರುತ್ತದೆ. ಆದರೆ ಹಾಗೇನೂ ಆಗಲಿಲ್ಲ. ಮುಂದಿನ ಭಾನುವಾರ ನಾನು ಹೋದಾಗ ಮಾವ ಬಚ್ಚಲಲ್ಲಿದ್ದರು. ಹೊರಸು ಖಾಲಿ ಇತ್ತು. ಕೇಳಲು ಯಾರೂ ಇರಲಿಲ್ಲ. ನನಗೆ ನೀರಡಿಕೆಯಾಗಿತ್ತು. ಹಾಗಾಗಿ ಒಳಗೆ ಹೋದೆ. ಅಳಿಯನಾದವನು ಕರೆಯದೆ ನಡುಮನೆಗೆ ಹೋಗುವ ಪದ್ಧತಿ ಅಲ್ಲಿಲ್ಲ. ಹೊಸ ಸೊಸೆ ಗಡಬಡಿಸಿ ಸೆರಗು ಎಳೆದುಕೊಂಡು ಅಡಿಗೆಮನೆ ಸೇರಿದಳು. "ಅಯ್ಯ! ಅಳಿಯಂದ್ರು ಒಳಗ ಬಂದ್ರಲ್ಲವಾ!" ಎಂದು ಅತ್ತೆ, ಎಮ್ಮೆ ಒಳಗೆ ನುಗ್ಗಿದೆಯೇನೋ ಎಂಬ ದನಿಯಲ್ಲಿ ಕೂಗಿದರು. ಕಿಟಕಿಯ ಬಳಿ ಸುಮಾ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಮದುವೆಗೆ ಮುಂಚಿನಿಂದ ಅವಳದೇ ಆದ ಮಿಷನ್ನು. ಇಷ್ಟು ಭಾನುವಾರ ಅದರ ಸದ್ದು ಕೇಳಿದ್ದೆ. ಗಿರಣಿಯ ಸದ್ದಿರಬೇಕು ಎಂದುಕೊಂಡಿದ್ದೆ.

"ಸುಮಾ, ನೀ ಮನಿಗೆ ಬರ್ತಿಯೇನು?" ಎಂದೆ. ನೀರು ಕೇಳಲು ಹೋದವನು ಇದನ್ನು ಯಾಕೆ ಕೇಳಿದೆನೋ.

ಅವಳು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಅಮಾಸಿ ಐತಿ, ಮಂಗಳವಾರ ಐತಿ ಅಂತ ಅವ್ವಗ ನೆನಪ ಮಾಡಿಕೊಡಾಕಿ ಯಾರಂತ ತಿಳದೀರಿ?"

"ಯಾರು?"

"ನಾನ."

ನನ್ನ ನೀರಡಿಕೆ ಹೋಯಿತು. "ಯಾಕ?"

"ಅಲ್ಲಿ ಬಂದು ಏನ ಮಾಡ್ಲಿ? ಉಣ್ಣಾಕ ಕುಂತ್ರ ರೊಟ್ಟಿ ಮ್ಯಾಲ ಚಟ್ನಿಲೆ ಚೌಕ ಬರೀತೀರಿ. ನಾ ಮಾತಾಡಿದ್ರ ಹೂಂ ಅಂತೀರಿ. ನಾ ಏನಂದೆ ಹೇಳ್ರಿ ಅಂದ್ರ ಅದಕ್ಕೂ ಹೂಂ ಅಂತೀರಿ. ಇಲ್ಲಿ ಮಿಷನ್ ಐತಿ. ನಾಕ ಮಂದಿ ಬರ್ತಾರ, ಕುಂದ್ರತಾರ, ಹೊಲಸ್ಕೊಂಡ ಹೋಗ್ತಾರ. ಕೆಲವ್ರು ಕಲಸಿಕೊಡು ಅಂತಾರ."

"ಮಿಷನ್ ತಗೊಂಡ ಹೋಗೂಣು."

"ಎಲ್ಲಿ ಇಡ್ತೀರಿ? ಮುಂದಿನ ಖೋಲಿ ತುಂಬ ನಿಮ್ಮ ರಂಗೋಲಿ ಕಾಗದ."

"ತಗೀತೀನಿ."

ಈಗ ಅವಳ ಕಾಲು ನಿಂತಿತು. "ಎಲ್ಲಾ?"

ನಾನು ಸ್ವಲ್ಪ ತಡೆದು "ಎಲ್ಲಾ" ಎಂದೆ. ಸ್ವಲ್ಪ ಎಂಬುದು ನನ್ನ ಲೆಕ್ಕ. ಅಷ್ಟರಲ್ಲಿ ಒಂದು ತೋಳಿಗೆ ಅಂಚು ಹೊಲಿಯಬಹುದಿತ್ತು ಎಂಬುದು ಅವಳ ಲೆಕ್ಕ.

ಅವಳು ಎದ್ದು ಪಡಸಾಲೆಗೆ ನಡೆದಳು. ಮಾವ ಆಗಷ್ಟೇ ಬಚ್ಚಲಿನಿಂದ ಬಂದು ಪಂಚೆ ಕೊಡವುತ್ತಿದ್ದರು. ಅವರ ಮುಂದೆ ನಿಂತು, "ಅಪ್ಪಾ, ನಾ ಹೋಗ್ತೀನಿ" ಎಂದಳು.

ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ 'ಹೋಗ್ತೀನಿ' ಎನ್ನುವುದಿಲ್ಲ. ಸಂತೆಗೆ ಹೊರಟರೂ, ಕಾಶಿಗೆ ಹೊರಟರೂ 'ಬರ್ತೀನಿ' ಎನ್ನಬೇಕು. ಹೋಗುವುದು ಸತ್ತವರು ಮಾತ್ರ. ಆ ಒಂದು ಮಾತಿಗೆ ಇಡೀ ಮನೆ ಗಕ್ಕನೆ ನಿಂತಿತು. ಮಾವನ ಕೈಯಲ್ಲಿ ಪಂಚೆ ನಿಂತಿತು, ಅಡಿಗೆಮನೆಯಲ್ಲಿ ಲಟ್ಟಣಿಗೆ ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದು, "ಬಿಡ್ತು ಅನ್ನವಾ! ಹಂಗ ಅನಬಾರ್ದು. ಬರ್ತೀನಿ ಅನ್ನು" ಎಂದರು.

"ಬರ್ತೀನಿ ಅಂದ್ರ ನೀವು ಚಾ ಇಡ್ತೀರಿ" ಎಂದಳು ಸುಮಾ.

ಎಲ್ಲ ಸುತ್ತುಗಳೂ ಒಂದೇ ಏಟಿಗೆ ನಿಂತವು ಎಂದು ನನಗೆ ಸಂತೋಷವಾಯಿತು. ಕೂಡಲೇ ಅವಳ ಚೀಲವನ್ನು ಎತ್ತಿಕೊಂಡೆ. ಅತ್ತೆಯ ಮುಖ ನಾನು ನೋಡಲಿಲ್ಲ, ಅವಳು ನೋಡಿದಳು. ಅತ್ತೆಯ ಕಣ್ಣು ತುಂಬಿತ್ತು, ಕೈ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಾಗೇ ಇತ್ತು. ಸುಮಾ ನನ್ನ ಕಡೆ ತಿರುಗಿ, "ರೀ, ಚೀಲ ಕೆಳಗ ಇಡ್ರಿ. ಉಡಿ ತುಂಬಸ್ಕೊಂಡ ಬರ್ತೀನಿ" ಎಂದು ಹೋಗಿ ಮಣೆಯ ಮೇಲೆ ಕೂತು ಸೆರಗು ಹಿಡಿದಳು. ಅತ್ತೆ ಅಕ್ಕಿ, ಕಾಯಿ, ಎಲೆ, ಅಡಿಕೆ, ಕುಪ್ಪಸದ ಕಣ ಒಂದೊಂದಾಗಿ ಹಾಕಿದರು. ಹಾಕುತ್ತಾ ಹಾಕುತ್ತಾ ಆ ಕೈಗೆ ಅದರ ಕೆಲಸ ಮರಳಿ ಸಿಕ್ಕಿತು. ಎದುರು ಮನೆಯವರು ಬಾಗಿಲಿಗೆ ಬಂದರು. "ಇವತ್ತ ನಮ್ಮನಿದಷ್ಟ ಚಿಗವ್ವಾ. ನಿಮ್ದು ಮುಂದ ಬಂದಾಗ" ಎಂದಳು ಸುಮಾ. ಆ ಚಿಗವ್ವ ಒಂದಿಷ್ಟೂ ಬೇಜಾರಿಲ್ಲದೆ "ಆತವಾ" ಎಂದು ಹೋದರು. ನಾನು ಇಷ್ಟು ವಾರ ಹೆದರಿದ್ದ ಬೇಜಾರು ಅದು! ಮಾವ ತಾವೇ ನಿಂತು ಮಿಷನ್ನನ್ನು ಹಮಾಲನಿಂದ ಬಸ್ಸಿನ ಮೇಲೆ ಹಾಕಿಸಿ ಹಗ್ಗ ಬಿಗಿಸಿದರು. ಹಗ್ಗ ಎರಡು ಸಲ ಎಳೆದು ನೋಡಿದರು. ಮೂಗು ಸೀಟಿಕೊಂಡರು. ಬಸ್ಸು ಹೊರಟಾಗ ಇನ್ನೂ ಬಿಸಿಲಿತ್ತು.

ಈ ಘಟನೆಯನ್ನು ನಾನು ಹಲವರ ಮುಂದೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಸುಮಾ ತಕರಾರು ತೆಗೆಯುತ್ತಾಳೆ. ಅವಳ ಪ್ರಕಾರ ಅವಳು 'ಹೋಗ್ತೀನಿ' ಎಂದೇ ಇಲ್ಲ. "ನಾ ಅಪ್ಪನ ಮುಂದ ಹಂಗ ಅಂತೀನಾ? ಅಂದವರು ನೀವು. ಚೀಲಾ ಹಿಡಕೊಂಡು 'ನಾವು ಹೋಗ್ತೀವ್ರಿ' ಅಂದ್ರಿ. ಅವ್ವ ಗಾಬರಿ ಆಗಿ ಅತ್ಲು. ನಾ ಸಂಬಾಳಿಸಿದೆ." ಹಾಗಿದ್ದರೆ 'ಚಾ ಇಡ್ತೀರಿ' ಎಂದವರು ಯಾರು? "ಅದು ನಾನ. ಅದು ಛಲೋ ಐತಿ, ಅದು ನಂದ ಇರಲಿ" ಎನ್ನುತ್ತಾಳೆ. ಅವಳು ಹೇಳುವುದೇ ನಿಜವಾಗಿದ್ದರೆ ನಾನು ಅಂದು ಮಾವನ ಮನೆಯಲ್ಲಿ ಮಾಡಿದ್ದು, ಸಾಹೇಬರ ಬೂಟು ಒದ್ದೆಯಾದ ದಿನ ಮಾಡಿದ್ದೇ: ಒಮ್ಮೆಲೇ ಕೊಲ್ಲುವ ಬಟನ್ ಒತ್ತಿದ್ದು. ಪಂಪು ಬಂದ್ ಮಾಡಿದವಳು ಅವಳು. ಯಾವುದು ಸರಿ ಎಂದು ತೀರ್ಮಾನ ಮಾಡುವ ಆಸೆ ನನಗಿಲ್ಲ. ನಾನು ಬರೆಯುತ್ತಿರುವುದರಿಂದ ನನ್ನದನ್ನು ಮೊದಲು ಬರೆದಿದ್ದೇನೆ, ಅಷ್ಟೇ.

ಮುಂದಿನ ಖೋಲಿಯ ಕಾಗದ ತೆಗೆದೆ. ಬಹುತೇಕ ತೆಗೆದೆ. ಕಿಟಕಿಯ ಕೆಳಗೆ ಮಿಷನ್ ಬಂತು, ಮಿಷನ್ನಿನ ಹಿಂದೆ ಕಾಲನಿಯ ಹುಡುಗಿಯರು ಕಲಿಯಲು ಬಂದರು, ಅವರ ಹಿಂದೆ ಪಲ್ಯ ತರುತ್ತಿದ್ದ ಹೆಂಗಸರು ಅಳತೆ ಜಂಪರು ಹಿಡಿದು ಬಂದರು. ಸಂಜೆ ನಾನು ಆಫೀಸಿನಿಂದ ಬಂದರೆ ಹಿಂದಿನ ಬಾಗಿಲಿನಿಂದ ಅಡಿಗೆಮನೆಗೆ ಹೋಗಿ ಕೂರಬೇಕು. ಮುಂದಿನ ಖೋಲಿಯೊಳಗೆ ನಗು, ಮಾತು, ಮಿಷನ್ನಿನ ಸದ್ದು. ಹಸಿವಾದಾಗ ಬಾಗಿಲ ಪರದೆಯ ಈಚೆಯಿಂದ "ಮುಗೀತೇನು?" ಎಂದು ಕೇಳುತ್ತಿದ್ದೆ. "ಮುಗೀತ್ರಿ, ಒಂದ ತೋಳು ಉಳದೈತಿ" ಎಂದು ಉತ್ತರ ಬರುತ್ತಿತ್ತು. ಅರ್ಧ ತಾಸು ಬಿಟ್ಟು ಕೇಳಿದರೂ ಒಂದೇ ತೋಳು. ಮುನಿರಾಬಾದಿನ ಹೆಂಗಸರಿಗೆ ಎಷ್ಟು ಕೈಗಳಿವೆಯೋ ಎಂದು ನನಗೆ ಅನುಮಾನ ಬರುತ್ತಿತ್ತು. ಒಂದು ಸಂಜೆ ಮೂರನೆಯ ಸಲ ಕೇಳಿದಾಗ ಅವಳು, "ರೀ, ಅಲ್ಲೇ ನಿಂತು ಬಡಕೋಬ್ಯಾಡ್ರಿ, ಬರ್ರಿ ಇತ್ಲಾಗ" ಎಂದಳು. ಹೋದೆ. ಹುಡುಗಿಯರು ನಗು ತಡೆದುಕೊಂಡು ಜಾಗ ಬಿಟ್ಟರು. ನನ್ನ ಕೈಗೆ ಸೂಜಿ ದಾರ ಕೊಟ್ಟು, ಯಾರದೋ ಜಂಪರಿಗೆ ಹುಕ್ಕು ಹಚ್ಚಲು ಕೂರಿಸಿದಳು. ಹುಕ್ಕು ಹಚ್ಚುವುದು ಅಷ್ಟು ಸುಲಭವಲ್ಲ. ಒಂದು ಸರಿಯಾಗಿ ಕೂತರೆ ಮುಂದಿನದು ಅದಕ್ಕಿಂತ ಚೆನ್ನಾಗಿ ಕೂರಬೇಕು ಅನ್ನಿಸುತ್ತದೆ. ಹುಡುಗಿಯರು ಎದ್ದು ಹೋದದ್ದು ನನಗೆ ಗೊತ್ತಾಗಲಿಲ್ಲ. ಸುಮಾ ಅಡಿಗೆಮನೆಯಿಂದ "ಊಟಕ್ಕ ಬರ್ರಿ, ಆರಾಕತ್ತೈತಿ" ಎಂದು ಕರೆದಳು.

"ಬಂದೆ, ಒಂದ ಹುಕ್ಕು ಉಳದೈತಿ" ಎಂದೆ.